ಚಿಕ್ಕಪ್ಪನ ಬರಿಗಾಲು

ನಮ್ಮ ಚಿಕ್ಕಪ್ಪ ವೈರಾಗ್ಯದಿಂದ ಚಪ್ಪಲಿ ಬಿಟ್ಟ ಎಂದು ಬಂಗಾರಪೇಟೆಯಲ್ಲಿ ಯಾರೇ ಹೇಳಲಿ, ನಂಬಬೇಡಿ. ಇಂದು ಬೆಳಿಗ್ಗೆ ಅಂಚೆಯಲ್ಲಿ ಬಂದ ಅವನ ಹೊಸ ಪ್ರವಾಸದ ಪುಸ್ತಕದ ಮುಖಪುಟದಲ್ಲಿ ಮುಖವೇ ಇಲ್ಲ, ಎರಡು ಬರಿಗಾಲುಗಳಿವೆ. ‘ಭೂತಾಯಿಯ ಮಾತು ಕೇಳಲು ಪಾದರಕ್ಷೆ ತೊರೆದೆ’ ಎಂಬುದು ಮೊದಲ ಸಾಲು. ಭೂತಾಯಿ ಮಾತಾಡಿದ್ದು ನಿಜ. ಅದನ್ನು ಕೇಳಿ ಇವನು ಮಾಡಿದ್ದೇನು ಎಂಬುದಕ್ಕೆ ನಾನೇ ಸಾಕ್ಷಿ.

ಹನ್ನೆರಡು ವರ್ಷದ ಹಿಂದೆ, ಕೋಲಾರ ಬಿಟ್ಟರೆ ಬೇರೆ ಪಟ್ಟಣ ಕಾಣದ ಚಿಕ್ಕಪ್ಪನಿಗೆ ಹೆಣ್ಣು ನೋಡಲು ಚಿನ್ನದ ಗಣಿಯ ಊರಾದ ಉರಿಗಾಂಗೆ ಹೋದೆವು: ಅಜ್ಜಿ, ಚಿಕ್ಕಪ್ಪ, ಉಪ್ಪಿಟ್ಟಿನ ಆಸೆಗೆ ನಾನು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತವೆ. ಆ ಊರಿನವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಾರೆ. ಮಾತು ನಿಲ್ಲಿಸಿ, ಗೋಡೆಯ ಹಲಗೆಯ ಮೇಲಿನ ಪಾತ್ರೆಗಳಿಗೆ ಕೈ ಅಡ್ಡ ಕೊಟ್ಟು, ನಡುಕ ನಿಂತ ಮೇಲೆ ಮಾತು ಮುಂದುವರಿಸುತ್ತಾರೆ. ಇದು ನಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿಲ್ಲವೆಂಬುದು ಅವರಿಗೆ ಗೊತ್ತಿರಲಿಲ್ಲ.

ಹುಡುಗಿ, ಸರೋಜಕ್ಕ, ಚಿಕ್ಕಪ್ಪನ ಮುಂದೆ ತಟ್ಟೆ ಇಟ್ಟಳು. ಮನೆ ನಡುಗಿತು. ಅವಳು ಒಂದು ಕೈಯಲ್ಲಿ ಪಾತ್ರೆಗಳನ್ನು ತಡೆಯುತ್ತ ವರನಿಗೆ, “ಆ ಚೊಂಬು ಇಡ್ಕೊಳ್ಳಿ, ಬೀಳ್ತದೆ!” ಎಂದಳು.

ಚಿಕ್ಕಪ್ಪ ಹಿಡಿದದ್ದು ಬಾಗಿಲಿನ ದಾರಿ.

“ಏ, ಕೂತ್ಕೊಳಪ್ಪೋ! ಇದು ದಿನಾ ಇದ್ದಿದ್ದೇ!” ಎಂದು ಅವಳ ಅಪ್ಪ ಬೀದಿಯವರೆಗೂ ಕೂಗುತ್ತ ಹೋದರು. ಚಪ್ಪಲಿ ಮೆಟ್ಟಿಲ ಮೇಲೆ ಉಳಿಯಿತು.

ಮೂರನೆಯ ದಿನ ಜೋಲಾರಪೇಟೆಯಿಂದ ಕಾರ್ಡು ಬಂತು: ‘ಮನೆಯೆಂಬುದು ಬಂಧನ, ಛಾವಣಿಯೆಂಬುದು ಭ್ರಮೆ. ನಾನಿನ್ನು ಸಂಚಾರಿ.’ ಅಲ್ಲಿಂದ ಹೊರಟವನು ಏಳು ಪುಸ್ತಕ ಬರೆದ. ಛಾವಣಿಯ ಮೇಲೆ ಈ ಮನುಷ್ಯನಿಗೆ ಇಷ್ಟು ಸಿಟ್ಟೇಕೆ ಎಂದು ಯಾವ ವಿಮರ್ಶಕರೂ ಕೇಳಲಿಲ್ಲ.

ಮಗನ ಮಾನ ಉಳಿಸಬೇಕಲ್ಲ, ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳು: “ಆ ಉಡುಗಿ ತಟ್ಟೆ ಇಟ್ಟೇಟ್ಗೆ ಭೂಮಿನೇ ನಡುಗೋಯ್ತು ಕಣಮ್ಮಾ! ಅಂಥೋಳು ಬಂದ್ರೆ ನಮ್ಮನೆ ಉಳೀತದಾ?” ಉರಿಗಾಂನವರು ನಕ್ಕರು. ಆದರೆ ಗಂಡುಗಳು ಬರಬೇಕಾದದ್ದು ಹೊರಗಿನಿಂದ, ಅವರು ಬರಲಿಲ್ಲ. ನಾನೇನು ಕಡಿಮೆ? ‘ಪ್ರವಾಸ ಮನುಷ್ಯನನ್ನು ನಿರ್ಭೀತನನ್ನಾಗಿಸುತ್ತದೆ’ ಎಂದು ಕಾಲೇಜಿನಲ್ಲಿ ವಾದಿಸಿ, ಇದೇ ಚಿಕ್ಕಪ್ಪನನ್ನು ಉದಾಹರಿಸಿ, ಪದಕ ಹೊಡೆದವನು.

ಮಧ್ಯಾಹ್ನ ಪುಸ್ತಕ ಹಿಡಿದು ಉರಿಗಾಂಗೆ ಹೋದೆ. ಸರೋಜಕ್ಕ ರವಿಕೆ ಹೊಲಿಯುತ್ತಿದ್ದಳು. ಪರಿವಿಡಿಯ ಮೇಲೆ ಬೆರಳಾಡಿಸಿದಳು.

“ಪುರಿ, ದ್ವಾರಕೆ, ರಾಮೇಶ್ವರ... ನಮ್ಮೂರು ಇಲ್ವೇನಪ್ಪಾ?”

“ಇಲ್ಲಕ್ಕ.”

“ನಂದು ಓಗ್ಲಿ ಬಿಡು. ಈಗ ತಂಗೀನ ನೋಡೋಕೆ ಬಂದೋರೂ, ‘ಭೂಮಿ ನಡುಗ್ಸಿದ ಮನೆ ಇದೇನಾ’ ಅಂತ ಕೇಳ್ಕೊಂಡು ಒಂಟೋದ್ರು. ಆಮ್ಯಾಕೆ ಪತ್ತೇನೇ ಇಲ್ಲ.”

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಓದುಗರೇ, ಕ್ಷಮಿಸಿ, ಕೊನೆಯ ಮಾತು ನಿಮಗಲ್ಲ. ಚಿಕ್ಕಪ್ಪ, ‘ಓಡಿದವನು ನಾನು, ಆ ಹುಡುಗಿಯದೇನೂ ತಪ್ಪಿಲ್ಲ’ ಎಂಬ ಒಂದು ಸಾಲು ಬರೆಯಲು ನೀನು ಇನ್ನೂ ಎಷ್ಟು ದೂರ ಹೋಗಬೇಕು?