ಸೋಮವಾರ ಹೂಡದ ಮೋಟಾರು

ನಮ್ಮ ಹೊಲಗಳು ರಾಜಾಜಿನಗರದ ಬಡಾವಣೆಗೆ ಹೋದಾಗ ಬಂದ ಪರಿಹಾರದ ಹಣವನ್ನು ಪಾಲು ಮಾಡಲು ದೊಡ್ಡಪ್ಪ ಬಿಡಲಿಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹಾಗಾಗಿ ಇಡೀ ಮನೆತನದ ಹಣವನ್ನು ಎಲ್ಲಿ ಹೂಡಬೇಕೆಂದು ನೋಡುವ ಕೆಲಸ ನನ್ನ ತಲೆಗೆ ಬಂತು. ಮುಂದೆ ಅದೇ ನನ್ನ ಕಸುಬಾಯಿತು. ಸಂಬಳವಿರಲಿಲ್ಲ, ಬೈಗುಳಕ್ಕೆ ಕೊರತೆಯಿರಲಿಲ್ಲ. ಚಿನ್ನ ಕೊಳ್ಳೆಂದು ಚಿಕ್ಕಮ್ಮ, ಮಾಗಡಿ ಕಡೆ ಜಮೀನು ಹಿಡಿಯೆಂದು ಅಪ್ಪ. ನಾನು ಮೊಂಡ. ಪರಿಚಯದ ಫಿಟ್ಟರ್ ಒಬ್ಬನನ್ನು ಪಾಲುದಾರನಾಗಿ ಸೇರಿಸಿಕೊಂಡು, ಒಂದು ಶೆಡ್ಡು ಹಿಡಿದು, ಹಳೆಯ ಲೇತ್ ಯಂತ್ರ ಕೊಂಡೆ. ಅಂದಿನಿಂದ ನನಗೆ ಊಟ ಸೇರಲಿಲ್ಲ.

ಕೊನೆಗೂ ದೊಡ್ಡ ಕಾರ್ಖಾನೆಯೊಂದು ಬೋಲ್ಟುಗಳ ಆರ್ಡರ್ ಕೊಟ್ಟಿತು. ಮಂಗಳವಾರ ಬೆಳಿಗ್ಗೆ ಮಾಲು ಗೇಟಿಗೆ ಮುಟ್ಟದಿದ್ದರೆ ಆರ್ಡರ್ ರದ್ದೆಂದು ಅಲ್ಲಿನ ಮ್ಯಾನೇಜರ್ ಹೇಳಿದ್ದರು. ಅದು ತಪ್ಪಿದರೆ ಶೆಡ್ಡು ಮುಚ್ಚಬೇಕಿತ್ತು. ನಮ್ಮ ಹೊಲ ಎರಡನೆಯ ಸಲ ಹೋದಂತೆಯೇ ಸರಿ.

ಸೋಮವಾರ ಬೆಳಿಗ್ಗೆ ಇನ್ನೂ ಒಂದು ಬುಟ್ಟಿ ಬೋಲ್ಟಿಗೆ ಥ್ರೆಡ್ ಕೊರೆಯುವುದು ಬಾಕಿಯಿತ್ತು. ಅಲ್ಲಿಯವರೆಗೆ ಶೆಡ್ಡಿನ ಕಡೆ ತಲೆ ಹಾಕದ ದೊಡ್ಡಪ್ಪ ಅಂದೇ ಬಂದು, ಯಂತ್ರಕ್ಕೆ ಅಡ್ಡವಾಗಿ ಕುಳಿತರು. ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಅಂದು ಎತ್ತಿಗೆ ನೊಗ ಕಟ್ಟುವುದಿಲ್ಲ.

"ಹೊಲದ ದುಡ್ಡಲ್ಲಿ ತಂದಿದ್ದು ಕಣೋ. ಇದೂ ನಮ್ಮನೆ ಎತ್ತೇ. ಇವತ್ತು ಹೂಡ್ಬೇಡ."

"ಇದು ಕಬ್ಬಿಣ, ದೊಡ್ಡಪ್ಪ. ಇದಕ್ಕೆ ದಣಿವಾಗಲ್ಲ."

"ಅದು ನಿಂಗೆ ಹೇಳ್ತಾ?"

ಫಿಟ್ಟರ್ ನನ್ನ ಮುಖ ನೋಡಿದ. ಸ್ವಿಚ್ ಹಾಕಿದರೆ ದೊಡ್ಡಪ್ಪ ನಾಳೆಯೇ ಪಾಲು ಮಾಡಿಸುತ್ತಾರೆ. ಹಾಕದಿದ್ದರೆ ಕಾರ್ಖಾನೆ ಕೈಬಿಡುತ್ತದೆ. ಅತ್ತ ದರಿ, ಇತ್ತ ಪುಲಿ. ಸಿಟ್ಟು ತಡೆಯದೆ, "ಹಂಗಾದ್ರೆ ನೊಗಕ್ಕೆ ನನ್ನೇ ಕಟ್ಟಿ," ಎಂದುಬಿಟ್ಟೆ.

ದೊಡ್ಡಪ್ಪ ಬೈಯಲಿಲ್ಲ. ಫಿಟ್ಟರ್ ಕಡೆ ತಿರುಗಿ, "ಇದನ್ನ ಎಳೆಯೋದು ಯಾವ್ದಪ್ಪ?" ಎಂದರು.

"ಮೋಟಾರು, ಸ್ವಾಮಿ."

"ಸರಿ, ಅದೇ ಎತ್ತು. ಬಿಚ್ಚು ಅದನ್ನ. ಸೋಮ್ವಾರ ರಜ ಎತ್ತಿಗೆ, ನಮಗಲ್ವಲ್ಲ," ಎಂದು ಪಂಚೆ ಎತ್ತಿ ಕಟ್ಟಿದರು.

ಅಪ್ಪನಿಗೂ ಚಿಕ್ಕಪ್ಪನಿಗೂ ಹೇಳಿಕಳಿಸಿದೆವು. ಮೋಟಾರಿನ ಬೆಲ್ಟ್ ಬಿಚ್ಚಿ, ಸರದಿಯ ಮೇಲೆ ಕೈಯಿಂದಲೇ ಯಂತ್ರದ ಚಕ್ರ ತಿರುಗಿಸಿದೆವು. ಥ್ರೆಡ್ ಕೊರೆಯಲು ನಿಧಾನವೇ ಒಳ್ಳೆಯದೆಂದು ಫಿಟ್ಟರ್ ಸಮಾಧಾನ ಹೇಳುತ್ತಿದ್ದ. ನನಗೆ ನಂಬಿಕೆಯಿರಲಿಲ್ಲ. ಬುಟ್ಟಿ ನೋಡುವುದು, ಬಿಸಿಲು ನೋಡುವುದು, ಇದೇ ಆಯಿತು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು.

ಮರುದಿನ ಮಾಲು ಗೇಟು ಮುಟ್ಟಿತು. ಮ್ಯಾನೇಜರ್ ಪರೀಕ್ಷಿಸಿ ಮತ್ತೊಂದು ಆರ್ಡರ್ ಕೊಟ್ಟರು. ಮನೆಗೆ ಓಡಿಬಂದು ಹೇಳಿದೆ. ದೊಡ್ಡಪ್ಪ ಬೊಬ್ಬೆ ಎದ್ದ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಎದ್ದು ಒಳಗೆ ಹೋಗಿ ಒಂದು ಗಂಟು ತಂದು ನನ್ನ ಮುಂದಿಟ್ಟರು.

"ಒಂಟೆತ್ತಲ್ಲಿ ಬೇಸಾಯ ಆಗಲ್ಲ ಕಣೋ. ಇದಕ್ಕೊಂದು ಜೊತೆ ತಗೊಂಡ್ ಬಾ."

ಅದು ಅವರ ಮಗಳ ಮದುವೆಗೆಂದು ಎತ್ತಿಟ್ಟಿದ್ದ ಹಣ. ಬೇಡವೆಂದರೂ ಕೇಳಲಿಲ್ಲ. ಆ ಗಂಟನ್ನು ಎತ್ತಿಕೊಳ್ಳುವಾಗ ನಾನು ಸೋಮವಾರಕ್ಕಿಂತ ಹೆಚ್ಚು ಹೆದರಿದೆ.