ರೇಸ್ ಸೈಕಲ್ಲಿನ ಮ್ಯಾನೇಜರು

ವಿಶಾಖಪಟ್ಟಣದಲ್ಲಿ ನಮ್ಮ ಬ್ಯಾಂಕಿಗೆ ಹುಬ್ಬಳ್ಳಿಯ ಮ್ಯಾನೇಜರೊಬ್ಬರಿದ್ದರು. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಸಾಕು, ಹೊಟ್ಟೆ ಒಳಗೆಳೆದುಕೊಂಡು, "ನಾ ಏನ್ ಮುದುಕ ಆಗೇನೇನ್ರೀ?" ಎನ್ನುತ್ತಿದ್ದರು.

ದಿನವಿಡೀ ಗಿರಾಕಿಗಳಿಗೆ ಭದ್ರ ಠೇವಣಿಯನ್ನೇ ಶಿಫಾರಸು ಮಾಡುವ ಈ ಮನುಷ್ಯ, ನಮ್ಮ ಭಾನುವಾರದ ಸೈಕಲ್ ಸವಾರಿಗೆ ಸೇರಲೆಂದು ಹೋದ ಸೈಕಲ್ ಅಂಗಡಿಯಲ್ಲಿ ಬೇರೆಯೇ ಆದರು. ಹ್ಯಾಂಡಲ್ ಎತ್ತರವಿದ್ದ, ದೂರದ ಸವಾರಿಗೆ ಬೆನ್ನು ನೋಯಿಸದ ಸೈಕಲನ್ನು ತೋರಿಸಿ ಅಂಗಡಿಯವನು, "ಮೀಕು ಇದೇ ಕಂಫರ್ಟ್ ಸಾರ್" ಎಂದು ತನ್ನ ತೆಲುಗಿನಲ್ಲಿ, ನಿಮಗೆ ಇದೇ ಆರಾಮ ಎಂದುಬಿಟ್ಟ.

"ನಾ ಏನ್ ಮುದುಕ ಆಗೇನೇನ್ರೀ?"

ಸವಾರನನ್ನು ಬಿಲ್ಲಿನಂತೆ ಬಗ್ಗಿಸುವ ರೇಸ್ ಸೈಕಲನ್ನೇ ಕೊಂಡರು.

ಮರು ಭಾನುವಾರ ಬೀಚ್ ರಸ್ತೆಯಲ್ಲಿ ಬ್ಯಾಂಕಿನವರೆಲ್ಲರೂ ಸೈಕಲ್ ತುಳಿಯುತ್ತ ಹೊರಟೆವು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಅವರ ಸುಳಿವಿಲ್ಲ. ಅಷ್ಟರಲ್ಲಿ ಲಗೇಜ್ ಆಟೋವೊಂದು ನಮ್ಮನ್ನು ದಾಟಿತು. ಹಿಂದೆ ಸೈಕಲ್ ಮಲಗಿತ್ತು. ಪಕ್ಕದಲ್ಲಿ ಬಗ್ಗಿದ ಸೊಂಟ ನೆಟ್ಟಗಾಗದೆ ಕೂತಿದ್ದ ಮ್ಯಾನೇಜರು ಕೈಬೀಸಿ ಕೂಗಿದರು:

"ಲಗೂ ತುಳೀರಿ! ನೀವೇನ್ ಮುದುಕರಾಗೀರೇನ್ರೀ?"