ಹುಣಸೆ ಹಲಗೆಯ ಕಪ್ಪು ಕಲೆ

ಹೋದ ತಿಂಗಳು ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ಹೋಟೆಲೊಂದರಲ್ಲಿ ಕಾಫಿಗೆ ಕೂತಿದ್ದೆ. ಮೇಜು ಒಂದೇ ಹಲಗೆಯದು. ನಾಲ್ಕಡಿ ಅಗಲ, ಅಂಚಿನಲ್ಲಿ ಮರದ ಓರೆಕೋರೆ ಹಾಗೇ ಬಿಟ್ಟು ಮೇಲೆ ಗಾಜಿನಂಥ ಪಾಲಿಶ್ ಬಳಿದಿದ್ದರು. ಸಪ್ಲೈಯರು ಒದ್ದೆ ಬಟ್ಟೆ ತಂದು ಯಾರೋ ಚೆಲ್ಲಿದ್ದ ಚಟ್ನಿ ಒರೆಸಿದ. ಒರೆಸಿದ ಜಾಗದಲ್ಲಿ ಒಂದು ಕಪ್ಪು ಕಲೆ ಕಂಡಿತು. ಕಬ್ಬಿಣ ಕೂತಿದ್ದ ಹುಣಸೆಯಲ್ಲಿ ಮಾತ್ರ ಬರುವಂಥ ನೀಲಿಗಪ್ಪು. ನಡುವೆ ಒಂದು ತೂತು, ತೂತಿನೊಳಗೆ ಪಾಲಿಶ್ಶಿನ ಅಂಟು.

ಆ ಹಲಗೆ ಸೀಳಿದ್ದು ನಾನು.

ಹೋಟೆಲಿನ ಯಜಮಾನ ಪಕ್ಕಕ್ಕೆ ಬಂದು, ಈ ಕಲೆ ನ್ಯಾಚುರಲ್ ಅಂತ ಜನ ಫೋಟೊ ತೆಗೆದುಕೊಳ್ಳುತ್ತಾರೆ, ಬೆಂಗಳೂರಿನಿಂದ ಹುಡುಕಿ ತಂದದ್ದು ಅಂತ ಹೆಮ್ಮೆಯಿಂದ ಹೇಳಿದ. ಥೂ! ಹನೂರಿನ ಆಚೆ ಹುಟ್ಟಿದ್ದ ಮರ ಬೆಂಗಳೂರು ನೋಡಿಕೊಂಡು ಮತ್ತೆ ನಮ್ಮ ಕಡೆಗೇ ಬಂದು ಬಿದ್ದಿತ್ತು. ಕಾಫಿ ಅಲ್ಲೇ ಬಿಟ್ಟೆ. ಮೂಗಿಗೆ ಕಾಫಿಯ ಬದಲು ಸುಟ್ಟ ಹೊಂಗೆ ಎಣ್ಣೆಯ ವಾಸನೆ ಹೊಡೆಯುತ್ತಿತ್ತು... ಅದು ನನ್ನ ಮಿಷನ್ನು ರಿಪೇರಿ ಮಾಡುತ್ತಿದ್ದವನ ಶೆಡ್ಡಿನ ವಾಸನೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಸ್ಪ್ರೇಯರ್, ನೀರೆತ್ತುವ ಮೋಟಾರು, ಮರ ಕೊಯ್ಯುವ ಮಿಷನ್ನು, ಯಾವುದು ತಂದರೂ ರಿಪೇರಿ ಮಾಡುತ್ತಿದ್ದ. ನಾನು ಮರ ಕೊಯ್ದು ಮಾರುವ ಕಸುಬಿನವನು. ವಾರಕ್ಕೊಮ್ಮೆಯಾದರೂ ಅಲ್ಲಿ ಕೂರುತ್ತಿದ್ದೆ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು, ನನ್ನನ್ನು ಅಣ್ಣ ಅನ್ನುತ್ತಿದ್ದ. ಅವನಿಗೆ ಒಬ್ಬಳೇ ಮಗಳು. ಸ್ಕೂಲು ಬಿಟ್ಟು ಮನೆಗೆ ಹೋಗಿ ಅಪ್ಪನಿಗೆ ಬುತ್ತಿ ತಂದವಳು ನನ್ನನ್ನು ಕಂಡರೆ, ದೊಡ್ಡಪ್ಪ ನೀವೂ ಎರಡು ತುತ್ತು ಉಣ್ಣಿ ಅಂತ ಮುಚ್ಚಳಕ್ಕೆ ಬಡಿಸಿ ಕೊಡುತ್ತಿದ್ದಳು. ತಿಂದಿದ್ದೇನೆ. ಎಷ್ಟೋ ಸಲ ತಿಂದಿದ್ದೇನೆ.

ಮಿಷನ್ನು ಕೈಗೆ ತೆಗೆದುಕೊಳ್ಳುವ ಮೊದಲು ಅವನದು ಮೂರು ಪ್ರಶ್ನೆ. ಯಾವ ಮರ, ಎಷ್ಟು ದಪ್ಪ, ಮೊಳೆ ಅವಾ? ಮೂರಕ್ಕೂ ಉತ್ತರ ಸಿಕ್ಕದೆ ಚೈನಿಗೆ ಅರ ಮುಟ್ಟಿಸುತ್ತಿರಲಿಲ್ಲ. ನಮ್ಮ ಸೀಮೆಯ ಮರಗಳ ಹಣೆಬರಹ ಅವನಿಗೆ ಗೊತ್ತಿತ್ತು. ತಂತಿ ಬೇಲಿ ಬಿಗಿಯುವುದು ಮರಕ್ಕೆ, ಬೋರ್ಡು ಹೊಡೆಯುವುದು ಮರಕ್ಕೆ, ಹೆಂಗಸರ ಮೈಮೇಲಿನ ಗಾಳಿ ಬಿಡಿಸಲು ಮೊಳೆ ಹೊಡೆಯುವುದೂ ಮರಕ್ಕೆ.

ಎಂಟು ವರ್ಷದ ಹಿಂದೆ ಬೆಂಗಳೂರಿನ ಗಿರಾಕಿಯೊಬ್ಬ ನಾಲ್ಕಡಿ ಅಗಲದ ಹುಣಸೆ ಹಲಗೆ ಬೇಕು, ಜೋಡಿಸಿದ್ದು ಬೇಡ, ಒಂದೇ ತುಂಡು ಬೇಕು ಅಂದ. ಅಂಥ ಮರ ಹನೂರಿನಾಚೆಯ ಒಂದು ಊರಿನ ಬದುವಿನ ಮೇಲಿತ್ತು. ಕಾಗದಪತ್ರವೆಲ್ಲ ಸರಿ ಮಾಡಿಸಿದೆ. ಆದರೆ ನನ್ನ ಮಿಷನ್ನಿನ ಬಾರು, ಅಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿ, ಎರಡಡಿಯದು. ಇದಕ್ಕೇ ಐದಡಿಯ ಬಾರು ಕೂರಿಸಿಕೊಡು ಅಂತ ಅವನ ಮುಂದೆ ಇಟ್ಟೆ. ಅವನು ನಕ್ಕುಬಿಟ್ಟ. ಆಡಿನ ಕುತ್ತಿಗೆಗೆ ನೊಗ ಕಟ್ಟಿದ ಹಾಗಾಗುತ್ತದೆ, ಬಾರು ಉದ್ದವಾದಷ್ಟೂ ಎಳೆಯಬೇಕಾದ ಚೈನೂ ಉದ್ದ, ಒಂದೇ ಸಲಕ್ಕೆ ಮರ ಕಚ್ಚುವ ಹಲ್ಲೂ ಜಾಸ್ತಿ, ಈ ಇಂಜಿನ್ನು ಅರ್ಧ ಗಂಟೆಯಲ್ಲಿ ಪ್ರಾಣ ಬಿಡುತ್ತದೆ ಅಂದ. ಮೆಟ್ಟೂರು ಕಡೆ ಯಾರದೋ ಶೆಡ್ಡಿನಲ್ಲಿ ಮಲಗಿದ್ದ ನೂರಿಪ್ಪತ್ತು ಸಿಸಿಯ ಹಳೇ ಮಿಷನ್ನನ್ನು ತಾನೇ ಹೋಗಿ ನೋಡಿ, ಕಿವಿಗೊಟ್ಟು ಕೇಳಿ, ಆರಿಸಿ ತಂದ.

ನಾಲ್ಕು ದಿನ ಅದರ ಮುಂದೆ ಕೂತ. ಬಾರಿನ ತುದಿಯವರೆಗೂ ಎಣ್ಣೆ ಹೋಗಬೇಕಲ್ಲ, ಅದಕ್ಕೆ ಆಯಿಲ್ ಪಂಪನ್ನೇ ಬದಲಾಯಿಸಿ, ಎಣ್ಣೆ ಬರುವ ತೂತು ದೊಡ್ಡದು ಮಾಡಿದ. ಅದೂ ಸಾಲದು ಅಂತ ಆಸ್ಪತ್ರೆಯ ಗ್ಲೂಕೋಸ್ ಬಾಟಲಿಯನ್ನು ಪೈಪಿನ ಸಮೇತ ತಂದು, ಹೊಂಗೆ ಎಣ್ಣೆ ತುಂಬಿ ಬಾರಿನ ಮೂತಿಗೆ ತೊಟ್ಟಿಕ್ಕುವಂತೆ ಕಟ್ಟಿದ. ಚೈನು ತಿರುಗಿಸುವ ಸ್ಪ್ರಾಕೆಟ್ಟು ಹಲ್ಲು ಕಮ್ಮಿ ಇರುವುದು ಹಾಕಿದ, ವೇಗ ಹೋದರೂ ಎಳೆತ ಸಿಗಲಿ ಅಂತ. ಸೈಲೆನ್ಸರಿನ ಬಾಯಿ ಅಗಲಿಸಿ, ಕಾರ್ಬೊರೇಟರಿಗೆ ಪೆಟ್ರೋಲು ಒಂದಿಷ್ಟು ಜಾಸ್ತಿ ಬಿಟ್ಟ. ಚೈನಿನಲ್ಲಿ ಒಂದು ಬಿಟ್ಟು ಒಂದು ಹಲ್ಲನ್ನು ಕಿತ್ತು, ಉಳಿದದ್ದನ್ನು ಉದ್ದಕ್ಕೆ ಸೀಳಲು ಬೇಕಾದ ಹಾಗೆ ನೇರಕ್ಕೆ ಉಜ್ಜಿದ. ಬಾರಿನ ತುದಿಗೆ ಎರಡನೆಯ ಆಳು ಹಿಡಿಯಲು ಒಂದು ಹಿಡಿ ಮಾಡಿದ. ಅಂಥ ಕೆಲಸ ನಾನು ಇನ್ನೊಬ್ಬನ ಕೈಯಲ್ಲಿ ನೋಡಲಿಲ್ಲ. ಈಗ ಅಂಗಡಿಯವರು ಬಣ್ಣ ನೋಡಿ ಮಿಷನ್ನು ಮಾರುತ್ತಾರೆ, ದರಿದ್ರದವರು.

ಕೆಲಸವೆಲ್ಲ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿದ. ಆ ಸಲ ತಡ ಮಾಡಿ ಕೇಳಿದ್ದ, ಮಿಷನ್ನಿನ ಹುರುಪಿನಲ್ಲಿ. ಯಾವ ಊರಿನ ಯಾವ ಮರ ಅಂತ ನಾನು ಹೇಳಿದೆ. ಅರ ಕೆಳಗಿಟ್ಟ. ಆಮೇಲೆ ಬಾಗಿಲ ಕಡೆ ನೋಡಿ, ಮೆಲ್ಲಗೆ ಹೇಳಿದ.

“ಅಣ್ಣ, ಎದೆಮಟ್ಟಗಂಟ ಬುಡ ಬುಟ್ಬುಡು. ಮೇಲಿಂದ ಎಷ್ಟಾರ ಕುಯ್ಕೊ. ನನ್ ಮಗಳ ಮೊಳೆ ಅಲ್ಲಿ ಅದೆ.”

ಹುಡುಗಿಗೆ ಹದಿನಾಲ್ಕನೆಯ ವಯಸ್ಸಿಗೆ ಮೂರ್ಛೆ ಶುರುವಾಗಿತ್ತಂತೆ. ನನಗೇ ಗೊತ್ತಿರಲಿಲ್ಲ. ಹೆಂಡತಿಯ ಕಡೆಯವರು ಗಾಳಿ ಸೋಕಿದೆ ಅಂತ ಆ ಊರಿನ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದರು. ಹುಣಸೆ ಮರಕ್ಕೆ ಒರಗಿಸಿ ಕೂರಿಸಿ, ನೆತ್ತಿಯ ಕೂದಲು ಮೊಳೆಗೆ ಸುತ್ತಿ, ಮರಕ್ಕೆ ಹೊಡೆದು, ಕೂದಲು ಕತ್ತರಿಸಿ ಎಬ್ಬಿಸುವುದು ಅಲ್ಲಿನ ಪದ್ಧತಿ. ಮೊಳೆ ಮನೆಯವರೇ ತರಬೇಕು, ಬಗ್ಗಿದರೆ ಅಪಶಕುನ. ಹುಣಸೆಗೆ ಮಾಮೂಲಿ ಮೊಳೆ ಬಗ್ಗಿಯೇ ಬಗ್ಗುತ್ತದೆ ಅಂತ ಇವನು ಹಳೇ ಬೈಕಿನ ಇಂಜಿನ್ ವಾಲ್ವಿಗೆ ಗ್ರೈಂಡರಿನಲ್ಲಿ ಮೊನೆ ಹಿಡಿದು ಒಯ್ದಿದ್ದ! ನಂಬದಿದ್ದರೂ ಕೆಲಸ ಕೆಟ್ಟದಾಗಿ ಮಾಡಲು ಅವನಿಗೆ ಬರುತ್ತಿರಲಿಲ್ಲ. ಅತ್ತ ಮೊಳೆಯನ್ನೂ ಹೊಡೆಸಿದ, ಇತ್ತ ಮೈಸೂರಿನ ಡಾಕ್ಟರಿಗೂ ತೋರಿಸಿದ. ಹುಡುಗಿ ನೆಟ್ಟಗಾದದ್ದು ಮಾತ್ರೆಯಿಂದ. ದಿನಕ್ಕೊಂದು, ತಪ್ಪದೆ.

ಆಗ ಅವಳನ್ನು ಹೊನ್ನೂರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಗದ್ದೆ, ತೆಂಗು ಇದ್ದ ಮನೆ. ಮೂರ್ಛೆಯ ವಿಷಯ ಅಲ್ಲಿ ಹೇಳಿರಲಿಲ್ಲ. ತಿಂಗಳಿಗೊಮ್ಮೆ ಇವನೇ ಹೋಗಿ, ಹಣ್ಣಿನ ಚೀಲದ ತಳದಲ್ಲಿ ಮಾತ್ರೆ ಇಟ್ಟು ಕೊಟ್ಟು ಬರುತ್ತಿದ್ದ.

“ಒನ್ನೂರಲ್ಲಿ ಯಾರ್ಗೂ ಗೊತ್ತಿಲ್ಲ ಕಣಣ್ಣ. ಆ ವಾಲ್ವ್ ಆಚ್ಗೆ ಬಂದ್ರೆ ಯಾರ್ದು ಅಂತ ಕೇಳೋದೇ ಬ್ಯಾಡ. ಬ್ಯಾರೆಯೋರು ಕುಯ್ದಿದ್ರೆ ನಾ ಏನೂ ಕೇಳಂಗಿರ್ನಿಲ್ಲ. ನೀನು ಅಂತ ಕೇಳ್ತಾವ್ನಿ.”

ಆಯ್ತು ಬಿಡೋ ಅಂದೆ. ಅವನ ಭುಜ ತಟ್ಟಿದೆ. ಆ ಕೈಗೆ ಹುಳ ಬೀಳಲಿಲ್ಲ ನೋಡಿ.

ಮರ ಉರುಳಿಸಿದ ದಿನ ಅಳತೆ ಹಾಕಿದೆ. ಹಾಳು ಮರ ಎದೆಮಟ್ಟದಿಂದ ಒಂದು ಮೊಳ ಮೇಲಕ್ಕೇ ಕವಲೊಡೆದಿತ್ತು. ನಾಲ್ಕಡಿ ಅಗಲ ಇದ್ದದ್ದು ಬುಡದಲ್ಲಿ ಮಾತ್ರ. ಮೊಳೆ ಕಂಡರೆ ನಾನೇ ಕಿತ್ತು ಜೇಬಿಗೆ ಹಾಕಿಕೊಂಡರಾಯಿತು, ಯಾರು ನೋಡುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ನೆಲಮಟ್ಟಕ್ಕೆ ಕೊಯ್ಯಿಸಿಬಿಟ್ಟೆ.

ಅವನ ಮಿಷನ್ನು ಬೆಣ್ಣೆ ಸೀಳಿದ ಹಾಗೆ ಸೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೊದಲನೆಯ ಮೊಳೆ ತಗುಲಿ ಚೈನಿನ ಹಲ್ಲು ಹಾರಿತು. ಉಜ್ಜಿಕೊಂಡು ಮತ್ತೆ ಹಿಡಿದೆವು. ಇನ್ನೊಂದು, ಮತ್ತೊಂದು... ಹಲಗೆ ಹೊರಳಿಸಿ ಹಾಕಿದಾಗ ಕಂಡಿತು. ಮರದ ಒಳಗೆ ಕೂದಲು. ಯಾವ ಯಾವ ಕಾಲದ ಹೆಂಗಸರದೋ. ಮೊಳೆಗೆ ಸುತ್ತಿಕೊಂಡದ್ದನ್ನು ತೊಗಟೆ ಮುಚ್ಚಿ, ಮರ ನುಂಗಿ ಇಟ್ಟುಕೊಂಡಿತ್ತು. ಎಣ್ಣೆ, ಮರದ ಪುಡಿ ಮೆತ್ತಿಕೊಂಡು ಎಮ್ಮೆಯ ಬಾಲದ ತುದಿಯ ಹಾಗೆ ಜೋತಾಡುತ್ತಿತ್ತು. ಒಬ್ಬ ಆಳು ಪಕ್ಕಕ್ಕೆ ಹೋಗಿ ವಾಂತಿ ಮಾಡಿದ. ಊರಿನವರು ಮಾತ್ರ ಕಡ್ಡಿ ಹಿಡಿದು ಕೆದಕುತ್ತಾ, ಇದು ಅವಳದು, ಇದು ಇವಳದು ಅಂತ ಲೆಕ್ಕ ಹಾಕಲು ನಿಂತರು. ಅವರ ನಗು ಇನ್ನೂ ಹೇಸಿಗೆ.

ವಾಲ್ವು ನನ್ನ ಕಣ್ಣಿಗೆ ಮೊದಲು ಬೀಳಲಿಲ್ಲ. ಹಲಗೆ ಸಾಗಿಸಲು ನಾನೇ ಗೊತ್ತು ಮಾಡಿದ್ದ ಟ್ರ್ಯಾಕ್ಟರಿನ ಡ್ರೈವರು ಅದನ್ನು ಕಿತ್ತು, ಒರೆಸಿ, ಮೇಲಕ್ಕೆ ಹಿಡಿದ. ಇದು ವಾಲ್ವು, ಮೊಳೆ ಅಲ್ಲ ಅಂತ ಎಲ್ಲರಿಗೂ ತೋರಿಸಿದ. ಮಂತ್ರವಾದಿಯ ಹೆಂಡತಿ, ಹಣ್ಣು ಮುದುಕಿ, ಗುಂಪಿನಲ್ಲಿದ್ದಳು. ಕೊಳ್ಳೇಗಾಲದ ರಿಪೇರಿಯವನೊಬ್ಬ ಮಗಳನ್ನು ತಂದಿದ್ದ, ಬಗ್ಗದ ಮೊಳೆ ಅಂತ ತಾನೇ ಮಾಡಿ ತಂದಿದ್ದ ಅಂತ ನೆನಪು ತೆಗೆದಳು. ಡ್ರೈವರು ನನ್ನ ಕಡೆ ತಿರುಗಿದ.

“ನಿಮ್ ಮಿಷನ್ ಮಾಡ್ಕೊಟ್ಟೋನೇ ಅಲ್ವಾ ಸಾ?”

ಗೊತ್ತಿಲ್ಲ ಅನ್ನಬಹುದಾಗಿತ್ತು. ಒಂದು ಸುಳ್ಳು. ನಾನು ಹೂಂ ಅಂದೆ. ಯಾಕೆ ಅಂದೆ ಅಂತ ಎಂಟು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾಲಿಗೆಗೆ ಎಲುಬಿಲ್ಲ, ಅಷ್ಟೇ. ಆ ಡ್ರೈವರು ಹೊನ್ನೂರಿನವನು. ಅದು ನನಗೆ ಗೊತ್ತಿತ್ತು.

ಸುದ್ದಿ ಹೊನ್ನೂರು ಮುಟ್ಟಲು ಎಂಟು ದಿನ ಹಿಡಿಯಲಿಲ್ಲ. ಅತ್ತೆ ಮನೆಯವರು ಅವಳ ಬಟ್ಟೆಯ ಗಂಟಿನ ಮೇಲೆ ಮಾತ್ರೆಯ ಚೀಟಿ ಇಟ್ಟು, ದೆವ್ವ ಹಿಡಿದದ್ದನ್ನು ನಮ್ಮ ತಲೆಗೆ ಕಟ್ಟಿದಿರಿ ಅಂತ ಬಸ್ ಸ್ಟ್ಯಾಂಡಿನಲ್ಲೇ ಇಳಿಸಿ ಹೋದರು. ಎರಡು ವರ್ಷ ಅವಳು ಬಡಿಸಿದ್ದನ್ನು ಉಂಡ ಜನ. ಗಂಡ ಅನ್ನಿಸಿಕೊಂಡವನು ಬಸ್ಸಿನಿಂದ ಇಳಿಯಲೂ ಇಲ್ಲವಂತೆ. ಅವನಿಗೆ ಉಗಿಯೋಣ ಅಂದುಕೊಂಡೆ. ಉಗಿಯುವ ಬಾಯಿ ನನಗೆಲ್ಲಿತ್ತು?

ಒಂದು ತಿಂಗಳು ಬಿಟ್ಟು ಶೆಡ್ಡಿಗೆ ಹೋದೆ. ತಪ್ಪಾಗೋಯ್ತು ಕಣೋ ಅಂದೆ. ಅವನು ತಲೆ ಎತ್ತಲಿಲ್ಲ, ಅರ ಉಜ್ಜುವುದು ನಿಲ್ಲಿಸಲಿಲ್ಲ.

“ಮಿಷನ್ ಮಾಡ್ಕೊಟ್ಟೋನೂ ನಾನೇ, ಮೊಳೆ ಮಾಡಿದೋನೂ ನಾನೇ. ನಿನ್ನ ಏನಂತ ಅನ್ಲಿ?”

ಬೈದಿದ್ದರೆ, ಕೈಗೆ ಸಿಕ್ಕಿದ ಸ್ಪ್ಯಾನರು ತೆಗೆದು ಹೊಡೆದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಆಮೇಲೆ ನಾನು ಆ ಬೀದಿಗೆ ಕಾಲಿಡಲಿಲ್ಲ. ಎರಡು ವರ್ಷದ ಹಿಂದೆ ಅವನು ಹೋದ. ಮಣ್ಣಿಗೆ ಹೋಗಿದ್ದೆ, ಎಲ್ಲರ ಹಿಂದೆ ನಿಂತಿದ್ದೆ. ಅವನಿಲ್ಲದ ಮೇಲೆ ನನ್ನನ್ನು ಬಾಯ್ತುಂಬ ಅಣ್ಣ ಅನ್ನುವವರು ಕೊಳ್ಳೇಗಾಲದಲ್ಲಿ ಯಾರೂ ಉಳಿಯಲಿಲ್ಲ...

ಅವತ್ತು ಹೋಟೆಲಿನಿಂದ ಎದ್ದಾಗ ಯಜಮಾನ, ಇದಕ್ಕಿಂತ ಅಗಲದ್ದು ಸಿಗುತ್ತದಾ ಅಂತ ಕೇಳಿದ. ಗಾಡಿ ಹತ್ತಿದೆ. ನೇರ ಕೊಳ್ಳೇಗಾಲದ ಆ ಬೀದಿಗೆ ಬಂದೆ. ಶೆಡ್ಡನ್ನು ಈಗ ಮಗಳೇ ನಡೆಸುತ್ತಾಳೆ ಅಂತ ಕೇಳಿದ್ದೆ. ಬರಿಗೈಯಲ್ಲಿ ಹೋಗಲು ಮುಖವಿಲ್ಲದೆ, ಗಾಡಿಯಲ್ಲಿದ್ದ ಚಿಕ್ಕ ಮಿಷನ್ನು ಎತ್ತಿಕೊಂಡು ಒಳಗೆ ಹೋದೆ. ಅದೇ ಹೊಂಗೆ ಎಣ್ಣೆಯ ವಾಸನೆ. ಅಪ್ಪ ಕೂರುತ್ತಿದ್ದ ಮಣೆಯ ಮೇಲೆ ಅವಳು ಕೂತಿದ್ದಳು. ನನ್ನನ್ನು ನೋಡಿದಳು. ಗುರುತು ಸಿಕ್ಕಿತು, ಅನುಮಾನವೇ ಇಲ್ಲ. ಕೈ ಒರೆಸಿಕೊಂಡು ಮಿಷನ್ನು ಇಸಿದುಕೊಂಡಳು.

“ಯಾವ ಮರ ಸಾ? ಎಷ್ಟು ದಪ್ಪ? ಮೊಳೆ ಅವಾ?”

ಬೇವು, ಒಂದಡಿ, ಮೊಳೆ ಇಲ್ಲ ಅಂದೆ. ಅವಳು ಹಲ್ಲು ಹಲ್ಲಿಗೂ ಅರ ಉಜ್ಜಿ, ಚೈನು ಬಿಗಿದು, ಎಳೆದು ನೋಡಿ, ನನ್ನ ಕೈಗೆ ಕೊಟ್ಟಳು. ದುಡ್ಡು ಎಣಿಸಿ ಕೊಟ್ಟೆ. ಒಂದು ಸಲ ದೊಡ್ಡಪ್ಪ ಅನ್ನುತ್ತಾಳೇನೋ ಅಂತ ಹಾಗೇ ನಿಂತೆ.

“ಇನ್ನೇನಾರ ಅದಾ ಸಾ?” ಅಂದಳು.

ಇಲ್ಲ ಕಣವ್ವ ಅಂತ ಬಂದುಬಿಟ್ಟೆ.